ಅತ್ತಿಗೆಯ ಕೈಯಲ್ಲಿ ಏಳದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಮತ್ತೆ ಸತ್ತಿತು. ಸೋಮವಾರದಿಂದ ಇದೇ ಕಥೆ. ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಕಂಪನಿಯ ಗುರುತು ಮೂಡುತ್ತದೆ, ಪಾಸ್‌ವರ್ಡ್ ಕೇಳುತ್ತದೆ — ಎರಡಕ್ಷರ ಒತ್ತುವಷ್ಟರಲ್ಲಿ ಪಟ್ಟನೆ ಕತ್ತಲೆ! ಬುಧವಾರ ಬೆಳಿಗ್ಗೆಯೂ ಹಾಗೇ ಆದಾಗ ಹೊಲಿಗೆ ಅಂಗಡಿಯ ಒಡತಿಯ ತಾಳ್ಮೆ ತಪ್ಪಿತು. ಎದುರಿಗೆ ಕೂತು ಕಾಲರು ಹೊಲಿಯುತ್ತಿದ್ದ ನಾದಿನಿಯ ಮೇಲೆ ಹರಿಹಾಯ್ದಳು.

“ನಿಜ ಹೇಳು, ಏನು ಮಾಡಿದೆ ಇದಕ್ಕೆ?”

“ಏನೂ ಮಾಡಿಲ್ಲ ಅತ್ತಿಗೆ. ನಿನ್ನೆ ಸಂಜೆ ನಾನು ಆನ್ ಮಾಡಿದಾಗ ಚೆನ್ನಾಗೇ ಇತ್ತು.”

“ನಿನ್ನ ಕೈಗೆ ಚೆನ್ನಾಗಿರುತ್ತೆ, ನನ್ನ ಕೈಗೆ ಮಾತ್ರ ಕೆಡುತ್ತಾ? ಯಾರ ಕಿವಿ ಮೇಲೆ ಹೂವು ಇಡ್ತೀಯ? ಸುಳ್ಳಿ!”

ಹನ್ನೊಂದು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತು ದುಡಿದವರು ಇವರು. ನಾದಿನಿ ಜಗಳಕ್ಕೆ ಬರಲಿಲ್ಲ. ತನ್ನ ಕತ್ತರಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. “ಈ ಕಾಲರು ಮುಗಿಸಿ ಹೋಗ್ತೀನಿ. ನಾಳೆಯಿಂದ ಬರಲ್ಲ,” ಎಂದಳು.

ಅತ್ತಿಗೆಗೆ ತಡೆಯಬೇಕೆನಿಸಿತು. ಆದರೆ ಬಿಗುಮಾನ ಬಿಡಬೇಕಲ್ಲ! ಫೋನ್ ತೆಗೆದು ಪಕ್ಕದ ಬೀದಿಯ ರಿಪೇರಿಯವರನ್ನು ಕರೆದಳು.

ಬಂದವರು ಸ್ಕ್ರೂ ಆಂಟಿ. ರೇಡಿಯೊ ಕಾಲದಿಂದಲೂ ಯಂತ್ರ ಬಿಚ್ಚಿದ ಕೈ ಅವರದು. ಆ ಹೆಸರು ಇಟ್ಟವರು ಯಾರೋ, ಈಗ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ. ಚೀಲ ಬಿಚ್ಚದೆ ಕುರ್ಚಿ ಎಳೆದು ಕೂತರು.

“ಯಾವಾಗಿಂದ?”

“ಸೋಮವಾರದಿಂದ.”

“ಅದಕ್ಕೆ ಮುಂಚೆ ಹೊಸದೇನಾದರೂ ಬಂತಾ?”

“ನಮ್ಮ ಯಜಮಾನರು ಹೊಸ ಚಾರ್ಜರ್ ತಂದರು. ಅದೇನೋ ಅಪ್‌ಡೇಟ್ ಕೂಡ ಆಯ್ತು. ಆಮೇಲೆ — ಇವಳು ಸಂಜೆ ಹೊತ್ತು ಹಾಡು ಹಾಕಿಕೊಳ್ತಾಳೆ. ತನ್ನ ಕೈಯಲ್ಲಿ ಮಾತ್ರ ಚೆನ್ನಾಗೇ ಇತ್ತಂತೆ!” ಹೇಳುತ್ತಲೇ ಅತ್ತಿಗೆ ತನ್ನ ಎಡ ಮಣಿಕಟ್ಟಿಗೆ ಕಟ್ಟಿದ್ದ ಪಟ್ಟಿಯಿಂದ ಗುಂಡುಸೂಜಿಗಳನ್ನು ಕೀಳುತ್ತಿದ್ದಳು, ಬಿಡುತ್ತಿದ್ದಳು. ಅವು ತಾವಾಗಿ ಹೋಗಿ ಪಟ್ಟಿಗೆ ಅಂಟಿಕೊಳ್ಳುತ್ತಿದ್ದವು.

ಆಂಟಿ ಚಾರ್ಜರ್ ಕಿತ್ತರು. ಬಟನ್ ಒತ್ತಿ, ಅತ್ತಿಗೆ ಹೇಳಿದ ಪಾಸ್‌ವರ್ಡ್ ಹೊಡೆದರು. ಲ್ಯಾಪ್‌ಟಾಪ್ ಎದ್ದಿತು! ಚಾರ್ಜರ್ ಸಿಕ್ಕಿಸಿ ಇನ್ನೊಮ್ಮೆ — ಆಗಲೂ ಎದ್ದಿತು.

“ಈಗ ನೀನು.”

ಅತ್ತಿಗೆ ಕೂತಳು. ಎರಡಕ್ಷರ — ಕತ್ತಲೆ.

“ಈಗ ನೀನು ಬಾಮ್ಮಾ,” ಎಂದು ಆಂಟಿ ನಾದಿನಿಯನ್ನು ಕರೆದರು.

ಎದ್ದಿತು.

ಅತ್ತಿಗೆ ನಾದಿನಿಯ ಕಡೆ ತಿರುಗಿದಳು. ಅಂದರೆ ಅವಳು ಹೇಳಿದ್ದು ನಿಜವೇ?

“ಬಲಗೈ ಒಂದರಲ್ಲೇ ಹೊಡಿ ನೋಡೋಣ,” ಎಂದರು ಆಂಟಿ. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಅತ್ತಿಗೆ ಹೊಡೆದಳು. ಯಂತ್ರ ಬೆಣ್ಣೆಯಂತೆ ತೆರೆದುಕೊಂಡಿತು.

“ಆ ಪಟ್ಟಿ ಬಿಚ್ಚಿ ಕೊಡು.”

ಆಂಟಿ ಪಟ್ಟಿಯನ್ನು ಕೀಲಿಗಳ ಕೆಳಗೆ, ಎಡಮೂಲೆಯಲ್ಲಿ ಇಟ್ಟು ಎರಡೂ ಕೈ ಮೇಲೆತ್ತಿದರು. ಯಾರೂ ಮುಟ್ಟಲಿಲ್ಲ. ಪರದೆ ಆರಿತು.

“ಸಿಕ್ಕಿಬಿದ್ದ ಕಳ್ಳ!” ಆಂಟಿ ನಕ್ಕರು. “ಸೂಜಿ ಹಿಡಿಯೋಕೆ ಇದರಲ್ಲಿ ಅಯಸ್ಕಾಂತ ಇದೆ. ಲ್ಯಾಪ್‌ಟಾಪ್ ಮುಚ್ಚಳದಲ್ಲೂ ಒಂದು ಪುಟ್ಟದಿದೆ. ಅದು ಈ ಮೂಲೆಗೆ ಹತ್ತಿರ ಬಂದರೆ, ಮುಚ್ಚಳ ಮುಚ್ಚಿತು ಅಂತ ಯಂತ್ರ ತಿಳಿಯುತ್ತೆ. ಟೈಪ್ ಮಾಡುವಾಗ ನಿನ್ನ ಮಣಿಕಟ್ಟು ಕೂರೋದು ಸರಿಯಾಗಿ ಅಲ್ಲೇ. ಮುಚ್ಚಿದರೆ ಪೂರ್ತಿ ಆಫ್ ಆಗಲಿ ಅಂತ ಸೆಟ್ಟಿಂಗ್ ಇಟ್ಟವರು ಯಾರು?”

“ನಾನೇ… ಬ್ಯಾಟರಿ ಉಳೀಲಿ ಅಂತ.”

“ಹೊಸದೇನು ಬಂತು ಅಂದಾಗ ಈ ಪಟ್ಟಿ ಯಾಕೆ ಹೇಳಲಿಲ್ಲ?”

“ಅದು ಹೊಲಿಗೆ ಸಾಮಾನಲ್ವಾ ಆಂಟಿ? ಕಂಪ್ಯೂಟರಿಗೂ ಅದಕ್ಕೂ ಏನು ಸಂಬಂಧ ಅಂತ…”

“ಸುಳಿವು ಮಾತ್ರ ನಿನ್ನ ನಾದಿನಿ ಆಗಲೇ ಕೊಟ್ಟಿದ್ದಳು. ತನ್ನ ಕೈಯಲ್ಲಿ ಸರಿಯಿತ್ತು ಅಂದಳಲ್ಲ? ಅದನ್ನ ನಂಬಿದ್ದರೆ ನಾನು ಬರಬೇಕಾಗೇ ಇರಲಿಲ್ಲ. ಅಪರಾಧಿ ನಿನ್ನ ಎಡಗೈ ಕಣಮ್ಮಾ. ಪಟ್ಟಿ ಯಾವಾಗ ಬಂತು?”

“ಭಾನುವಾರ.” ಅತ್ತಿಗೆ ತಲೆ ತಗ್ಗಿಸಿದಳು. “ಇವಳೇ ಕೊಟ್ಟಿದ್ದು. ಸೂಜಿಗಳನ್ನ ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡೋದು ನನ್ನ ಕೆಟ್ಟ ಅಭ್ಯಾಸ. ಎಲ್ಲಿ ನುಂಗಿಬಿಡ್ತೀನೋ ಅಂತ ಇವಳಿಗೆ ಭಯ.”

ಅತ್ತಿಗೆ ಕೈ ಮುಗಿದಳು. “ಆಂಟಿ, ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ.”

“ನನಗೆ ಆಮೇಲೆ ಮುಗಿ. ಮೊದಲು ಆ ಕಡೆ ಹೋಗು,” ಎಂದು ಆಂಟಿ ಚೀಲ ಎತ್ತಿಕೊಂಡು ಹೊರಟರು.

ಅತ್ತಿಗೆ ಮೇಜು ಸುತ್ತಿ ಬಂದಳು. ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆಯೇ ಕೂತಳು.

“ನನ್ನ ಬಾಯಿಗೆ ಸೂಜಿ ಚುಚ್ಚಬಾರದು ಅಂತ ನೀನು ಚಿಂತೆ ಮಾಡಿದೆ. ನಾನು ಅದೇ ಬಾಯಲ್ಲಿ ನಿನ್ನ ಸುಳ್ಳಿ ಅಂದೆ. ನಿನ್ನಂಥವಳು ಸಿಕ್ಕಿದ್ದು ನನ್ನ ಪುಣ್ಯ ಕಣೇ. ತಪ್ಪಾಯ್ತು. ಹೋಗಬೇಡ.”

ನಾದಿನಿ ಅತ್ತಳು. ಅಳುತ್ತಲೇ ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಿದಳು.

“ಹೋಗ್ತೀನಿ ಅಂದಾಗಿಂದ ಬಾಗಿಲ ಕಡೆ ನೋಡೋಕೂ ಧೈರ್ಯ ಬರಲಿಲ್ಲ ಅತ್ತಿಗೆ. ನೀವು ತಡೀಲಿ ಅಂತ ಕಾಯ್ತಿದ್ದೆ.”