ವಾರಸುದಾರರಿಲ್ಲದವರ ಸಾಲು

"ಮಿಕ್ಕಿದ್ದೆಲ್ಲಾ ಬರೀರಿ. ಸಂಬಂಧ ಅನ್ನೋ ಕಾಲಂ ಮಾತ್ರ ತುಂಬಬೇಡಿ," ಎಂದಳು ಸ್ಮಶಾನದ ಗುಮಾಸ್ತೆ.

ಎದುರು ಪೆನ್ನು ಹಿಡಿದು ಕೂತಿದ್ದವಳಿಗೆ ನಗು ಬಂತು. ಬೇರೊಂದು ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ದಿನ ಬೆಳಗಾದರೆ ಜನರ ಬುರುಡೆ, ಪಕ್ಕೆಲುಬುಗಳನ್ನು ಬೆಳಕಿಗೆ ಹಿಡಿದು ನೋಡುವವಳನ್ನು ಸ್ಮಶಾನದಲ್ಲಿ ಕೂತು ಹೀಗೆ ಹೆದರಿಸಲು ಹೊರಟರೆ ನಗದೆ ಇನ್ನೇನು ಮಾಡಿಯಾಳು? ಮೇಲಾಗಿ ಅವಳ ಆಸ್ಪತ್ರೆಯಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ಅರ್ಜಿ ವಾಪಸು ಬರುತ್ತಿತ್ತು. ಖಾಲಿ ಕಾಲಂ ಕಂಡರೆ ಅವಳಿಗೆ ಕೈ ತುರಿಸುತ್ತಿತ್ತು.

"ಯಾಕೆ, ತುಂಬಿದ್ರೆ ಒಳಗಿರೋರು ಎದ್ದು ಬಂದು ರಸೀದಿ ಕೇಳ್ತಾರಾ?"

ಗುಮಾಸ್ತೆ ನಗಲಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಆ ಕೋಣೆಯಲ್ಲಿ ದೀಪ ಹಾಕಿಕೊಂಡೇ ಕೂರಬೇಕಿತ್ತು. ನುಸಿಗುಳಿಗೆಯ ವಾಸನೆ, ಒದ್ದೆ ಕಾಗದದ ಮುಗ್ಗಲು ವಾಸನೆ, ಗೋಡೆಯ ತುಂಬ ಹೆಣಗಳ ಲೆಕ್ಕದ ದಪ್ಪ ದಪ್ಪ ದಫ್ತರಗಳು. ಅವುಗಳಲ್ಲೊಂದು ಇಬ್ಬರ ನಡುವೆ ಬಿಚ್ಚಿಕೊಂಡಿತ್ತು.

ಈ ಪುಟಕ್ಕಾಗಿ ಅವಳು ಊರೂರು ಅಲೆದಿದ್ದಳು. ಅಪ್ಪನ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆ ಎಕ್ಸ್‌ರೇ ತೆಗೆದವಳೂ ಅವಳೇ. ಡಾಕ್ಟರು ಬಾಯಿ ಬಿಡುವ ಮೊದಲೇ ಅವಳಿಗೆ ಗೊತ್ತಾಗಿಹೋಗಿತ್ತು. ಅಪ್ಪ ಕೇಳಿದ್ದು ಒಂದೇ: ಅವ್ವನ ಪಕ್ಕದಲ್ಲಿ ಹೂಳಬೇಕು. ಆ ಅವ್ವ ಎಲ್ಲಿದ್ದಾಳೆಂದು ಅವನಿಗೇ ಗೊತ್ತಿರಲಿಲ್ಲ. ಇನ್ನೂ ಅಂಬೆಗಾಲು ಬಿಟ್ಟು ಎದ್ದ ವಯಸ್ಸಿನಲ್ಲೇ ಅವನ ದೊಡ್ಡಪ್ಪ ಅವನನ್ನು ಎತ್ತಿಕೊಂಡು ಊರು ಬಿಟ್ಟಿದ್ದ. ಅವ್ವನ ಹೆಸರೆತ್ತಿದರೆ ಆ ಮನೆಯಲ್ಲಿ ಏಟು ಬೀಳುತ್ತಿತ್ತು. "ಎಡಗೈಲಿ ಆರು ಬೆರಳು ಕಣೇ. ಆ ಆರನೇ ಬೆರಳು ಹಿಡ್ಕೊಂಡೇ ನಾನು ನಿದ್ದೆ ಹೋಗ್ತಿದ್ದೆ," ಎನ್ನುತ್ತಿದ್ದ ಅಪ್ಪ. ನೆನಪೆಂದು ಅವನಲ್ಲಿ ಉಳಿದದ್ದು ಅಷ್ಟೇ.

ದಫ್ತರದಲ್ಲಿ ಇದ್ದದ್ದೂ ಅಷ್ಟೇ. ಹೆಂಗಸು. ಎಡಗೈಗೆ ಆರು ಬೆರಳು. ವಾರಸುದಾರರಿಲ್ಲ.

"ವಾರಸುದಾರರು ಇರಲಿಲ್ಲ ಅಂತಲ್ಲ," ಎಂದಳು ಗುಮಾಸ್ತೆ, ಗೋಡೆಗೂ ಕೇಳಿಸಬಾರದೆಂಬ ದನಿಯಲ್ಲಿ. "ಮನೆ ತುಂಬ ಜನ ಇದ್ರು. ಬೇಕೂಂತಲೇ ಹೀಗೆ ಬರೆಸಿದ್ರು. ಆಯಮ್ಮ ಮಾಟ ಕಲಿತಿದ್ಲಂತೆ. ಮಗೂನ ಕಿತ್ಕೊಂಡು ಹೊರಗೆ ಹಾಕಿದಾಗ, ನನ್ನನ್ನ ಯಾರೂ ಅಲ್ಲದವಳು ಮಾಡಿದ್ರಿ, ನಿಮ್ಮ ವಂಶದಲ್ಲಿ ಯಾರು ನನ್ನನ್ನ ನಮ್ಮವಳು ಅಂತಾರೋ ಅವರನ್ನೂ ಯಾರೂ ಅಲ್ಲದವರು ಮಾಡ್ತೀನಿ ಅಂದ್ಲಂತೆ. ಸತ್ತ ಮೇಲೆ ಮಂತ್ರವಾದಿ ಬಂದು ಕಟ್ಟು ಹಾಕಿ ಹೋದ. ಸಂಬಂಧ ಹೇಳ್ಕೊಂಡು ಯಾರೂ ಬರದೇ ಇರೋ ತನಕ ಅವಳು ಅಲ್ಲೇ ಇರ್ತಾಳೆ. ನನಗಿಂತ ಮುಂಚೆ ಈ ಕುರ್ಚೀಲಿ ಇದ್ದೋರು ಹೇಳಿ ಹೋಗಿದ್ದು ಇದು."

"ಸಂಬಂಧ ಬರೀದೇ ಇದ್ರೆ ಪಕ್ಕದ ಜಾಗ ಕೊಡ್ತೀರಾ?"

"ಅದಕ್ಕೆ ಕಾನೂನಿಲ್ಲ."

"ಮತ್ತೆ?"

"ಬೇರೆ ಸಾಲಲ್ಲಿ ಕೊಡ್ತೀನಿ. ನಿಮ್ಮಪ್ಪಂಗೆ ಪಕ್ಕದ್ದೇ ಅಂತ ಹೇಳಿ. ಹೋಗೋ ಜೀವ, ನಂಬ್ಕೊಂಡು ಹೋಗುತ್ತೆ."

ಅವಳಿಗೆ ಸಿಟ್ಟು ಬಂತು. ಬಾಳೆಲ್ಲಾ ತಾಯಿಯ ವಿಷಯದಲ್ಲಿ ಸುಳ್ಳು ಕೇಳಿಕೊಂಡು ಬಂದವನಿಗೆ ಸಾಯುವಾಗಲೂ ಇನ್ನೊಂದು ಸುಳ್ಳೇ? ದಫ್ತರವನ್ನು ತನ್ನ ಕಡೆಗೆ ಎಳೆದುಕೊಂಡು, ಖಾಲಿ ಕಾಲಂನಲ್ಲಿ "ಅಜ್ಜಿ" ಎಂದು ಬರೆದಳು. ದುಂಡಗೆ, ಅಚ್ಚುಕಟ್ಟಾಗಿ. ಗುಮಾಸ್ತೆ ಎದ್ದು ಹೋಗಿ ಕಿಟಕಿ ತೆರೆದಳು. ಕೋಣೆಯಲ್ಲಿ ಆಗತಾನೇ ಯಾರೋ ದೀಪದ ಬತ್ತಿ ಆರಿಸಿದಂಥ ಕಮಟು ವಾಸನೆ.

ಆ ಸಮಾಧಿ ಇದ್ದದ್ದು ಕೊನೆಯ ಸಾಲಿನಲ್ಲಿ, ಗೋಡೆಯ ಬುಡದಲ್ಲಿ. ಗೋಡೆಯಾಚೆ ಮರ ಕೊಯ್ಯುವ ಮಿಲ್ಲು ಕಿರ್ರೆಂದು ಅರಚುತ್ತಿತ್ತು. ಹೆಸರಿಲ್ಲದ ಕಲ್ಲು. ನಾಲ್ಕೂ ಮೂಲೆಗೆ ಗೇಣುದ್ದದ ಕಬ್ಬಿಣದ ಮೊಳೆ ಬಡಿದಿದ್ದರು. ಮೊಳೆಗಳಿಗೆ ಸುತ್ತಿದ್ದುದನ್ನು ಅವಳು ಮೊದಲು ದಾರವೆಂದುಕೊಂಡಳು. ಬಗ್ಗಿ ನೋಡಿದರೆ ಕೂದಲು.

"ಅಜ್ಜೀ," ಎಂದಳು, ಅರ್ಧ ತಮಾಷೆಗೆ, ಅರ್ಧ ನಿಜವಾಗಿಯೇ. "ನಿನ್ನ ಮಗ ಬರ್ತಾನೆ. ಸ್ವಲ್ಪ ಸರ್ಕೊಂಡು ಜಾಗ ಕೊಡು."

ಮಿಲ್ಲಿನ ಸದ್ದು ನಿಂತಿತು.

ಟಣ್ಣೆಂದು ಏನೋ ಬಿತ್ತು. ಒಂದು ಮೊಳೆ ಕಲ್ಲಿನ ಮೇಲೆ ಉರುಳಿ ಬಂದು ಅವಳ ಚಪ್ಪಲಿಗೆ ತಾಗಿ ನಿಂತಿತು. ತುಕ್ಕು ಹಿಡಿದ ಕಬ್ಬಿಣ, ಹಳೇ ಗಾರೆ, ಬೀಳದೆ ಏನು ಮಾಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅದಕ್ಕೆ ಸುತ್ತಿದ್ದ ಕೂದಲು ಕರ್ರಗೆ ಮಿರಮಿರನೆ ಮಿಂಚುತ್ತಿತ್ತು, ಈಗಷ್ಟೇ ಎಣ್ಣೆ ಹಚ್ಚಿ ಬಾಚಿದಂತೆ. ಎರಡನೇ ಮೊಳೆ ಅಲುಗಾಡತೊಡಗಿತು. ಅವಳು ನಿಲ್ಲಲಿಲ್ಲ. ಓಡಲೂ ಇಲ್ಲ, ಓಡುವುದು ಅವಮಾನ. ಹೆಜ್ಜೆ ಮಾತ್ರ ಬಿರುಸಾದವು.

ಬಸ್ಸಿನಲ್ಲಿ ಕೂತರೂ ಸಮಾಧಾನವಿಲ್ಲ. ಎರಡು ಸಲ ಸೀಟು ಬದಲಾಯಿಸಿದಳು. ಬತ್ತಿಯ ವಾಸನೆ ಜೊತೆಗೇ ಬಂದಿತ್ತು. ಅಪ್ಪನಿಗೆ ಸುದ್ದಿ ಮುಟ್ಟಿಸೋಣವೆಂದು ತಮ್ಮನಿಗೆ ಫೋನು ಹಚ್ಚಿದಳು.

"ಹಲೋ, ಯಾರು ಬೇಕಿತ್ತು?"

"ನಾನು ಕಣೋ. ಅಜ್ಜಿ ಸಿಕ್ಕಿದ್ಲು."

"ನೀವು ಯಾರು ಮಾತಾಡ್ತಿರೋದು?"

"ನಿಮ್ಮಕ್ಕ ಕಣೋ, ಕತ್ತೆ."

"ರಾಂಗ್ ನಂಬರ್ ಅನ್ಸುತ್ತೆ. ನನಗೆ ಅಕ್ಕ ಇಲ್ಲ."

ಈ ತಮ್ಮ ಹುಟ್ಟಾ ತರಲೆ. ಹೋದ ವರ್ಷ ಆಸ್ಪತ್ರೆಗೇ ಫೋನು ಮಾಡಿ ಮಂತ್ರಿಯ ಪಿ.ಎ. ಎಂದು ಹೇಳಿ ಅವಳು ಎದ್ದು ನಿಲ್ಲುವಂತೆ ಮಾಡಿದ್ದ. ಬಯ್ಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಹಿಂದಿನಿಂದ ಅಪ್ಪನ ನಗು ಕೇಳಿಸಿತು. ಒಂದು ಮಾತಿಗೆ ಹತ್ತು ಸಲ ಕೆಮ್ಮುತ್ತಿದ್ದ ಅಪ್ಪ ಮಗುವಿನ ಹಾಗೆ ಕೇಕೆ ಹಾಕುತ್ತಿದ್ದ. ಫೋನು ಕಟ್ಟಾಯಿತು.

ಮನೆಯ ಬಾಗಿಲು ತೆರೆದೇ ಇತ್ತು.

ಅಪ್ಪ ಎದ್ದು ಕೂತಿದ್ದ. ಮೂಗಿಗೆ ಹಾಕಿದ್ದ ಆಮ್ಲಜನಕದ ನಳಿಗೆ ನೆಲದ ಮೇಲೆ ಬಿದ್ದಿತ್ತು. ಮುಖದಲ್ಲಿ ಕಳೆ. ಮಂಚದ ಅಂಚಿನಲ್ಲಿ, ಬೆನ್ನು ಮಾಡಿಕೊಂಡು ಒಬ್ಬ ಹೆಂಗಸು. ಅವಳ ಮೈಮೇಲೆ ಇದ್ದದ್ದು ಇವಳದೇ ಸೀರೆ, ಇವಳು ಬೆಳಿಗ್ಗೆ ಮಡಿಸಿಟ್ಟು ಹೋದದ್ದು. ಬೆನ್ನ ಮೇಲೆ ಕರಿ ಜಡೆ. ಅನ್ನ ಕಲಸಿ ತುತ್ತಿಡುತ್ತಿದ್ದಳು. ಎಡಗೈ ಅಪ್ಪನ ಮುಷ್ಟಿಯೊಳಗಿತ್ತು. ಅಪ್ಪ ಹಿಡಿದುಕೊಂಡಿದ್ದದ್ದು ಒಂದು ಪುಟ್ಟ ಬೆರಳನ್ನು.

"ಅಪ್ಪಾ."

ಅಪ್ಪ ತಲೆಯೆತ್ತಿದ. ಆಸ್ಪತ್ರೆಯಲ್ಲಿ ಹೊಸಬರನ್ನು ನೋಡುವ ಹಾಗೆ, ಮರ್ಯಾದೆಯಿಂದ, ನೋಡಿದ.

"ಯಾರಮ್ಮಾ ನೀವು? ಯಾರನ್ನ ನೋಡ್ಬೇಕಿತ್ತು?"

"ಅಪ್ಪಾ, ನಾನು. ನಿನ್ನ ಮಗಳು."

"ಮನೆ ತಪ್ಪಿ ಬಂದಿದ್ದೀರಿ ಅನ್ಸುತ್ತೆ. ನನಗಿರೋನು ಒಬ್ಬನೇ ಮಗ." ತಮ್ಮನ ಕಡೆ ತಿರುಗಿದ. "ಪಾಪ, ಬಿಸಿಲಲ್ಲಿ ಬಂದಿದ್ದಾರೆ. ನೀರು ಕೊಟ್ಟು ಕಳಿಸೋ."

ಗೋಡೆಯ ಮೇಲಿನ ಫೋಟೋದಲ್ಲಿ ಅಪ್ಪ, ತಮ್ಮ, ನಡುವೆ ಇವಳು ನಿಂತಿರಬೇಕಿದ್ದ ಕಡೆ ಖಾಲಿ ಗೋಡೆ. ಹೆಂಗಸು ನಿಧಾನವಾಗಿ ತಿರುಗತೊಡಗಿದಳು. ಕಮಟು ವಾಸನೆ ಗಂಟಲಿಗಿಳಿಯಿತು. ಕಿವಿ ಕಂಡಿತು. ಕೆನ್ನೆ ಕಂಡಿತು. ಮಣ್ಣು ಮೆತ್ತಿದ ಕೆನ್ನೆ. ಇವಳು ಮುಖ ನೋಡಲಿಲ್ಲ. ನೋಡಲಾರದೆ ಕಣ್ಣು ಮುಚ್ಚಿದಳು.

"ಇಷ್ಟು ವರ್ಷಕ್ಕೆ ಕರೆದವಳು ನೀನೊಬ್ಬಳೇ," ಎಂದಿತು ದನಿ, ತೀರಾ ಅಕ್ಕರೆಯಿಂದ. "ಬದುಕಿರು."

ತಮ್ಮ ಅವಳ ತೋಳು ಹಿಡಿದು ಹೊರಗೆ ಬಿಟ್ಟ. ಒರಟಾಗಿ ಏನಲ್ಲ. "ಏನೂ ಅಂದ್ಕೋಬೇಡಿ, ಅಪ್ಪಂಗೆ ಹುಷಾರಿಲ್ಲ," ಎಂದು ಬಾಗಿಲು ಹಾಕಿಕೊಂಡ. ಅಗುಳಿ ಬಿದ್ದ ಸದ್ದು ಕೇಳಿಸಿತು. ಅವಳು ಬಾಗಿಲು ಬಡಿದಳು. ಕೂಗಿದಳು. ಎದುರುಮನೆಯವರು ಹೊರಗೆ ಬಂದು ನಿಂತರು. ಯಾರೂ ಅವಳ ಗುರುತು ಹಿಡಿಯಲಿಲ್ಲ.

ಮತ್ತೆ ಬಸ್ಸು. ಮತ್ತೆ ಆ ಗೇಟು. ಇಳಿಬಿಸಿಲು. ಈ ಸಲ ಓಡಿದಳು. ಗುಮಾಸ್ತೆ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬರ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಬಾಗಿಲು ಹಾಕಿಲ್ಲ."

"ಹೊಡೆದು ಹಾಕಿಬಿಡ್ತೀನಿ. ಬರೆದದ್ದನ್ನ ಹೊಡೆದು ಹಾಕಬಹುದು ತಾನೆ?"

"ಬರೆದ ಕೈಯೇ ಹೊಡೆದು ಹಾಕಬಹುದು. ಅವಳು ವಾಪಸು ಹೋಗ್ತಾಳೆ. ಆದ್ರೆ ಬರಿಗೈಲಿ ಹೋಗಲ್ಲ." ಗುಮಾಸ್ತೆ ಅವಳ ಮುಖ ನೋಡಲಿಲ್ಲ. "ಈಗ ಯಾರ ಕೈ ಹಿಡಿದಿದ್ದಾಳೆ?"

ಅಪ್ಪನ ಮುಷ್ಟಿಯೊಳಗಿದ್ದ ಆ ಪುಟ್ಟ ಬೆರಳು ಅವಳ ಕಣ್ಣ ಮುಂದೆ ಬಂತು.

ಸುಮ್ಮನಿದ್ದರೆ ಅಪ್ಪ ಬದುಕುತ್ತಾನೆ. ಉಣ್ಣುತ್ತಾನೆ, ನಗುತ್ತಾನೆ, ಅವ್ವನ ಬೆರಳು ಹಿಡಿದು ನಿದ್ದೆ ಹೋಗುತ್ತಾನೆ. ಬೀದಿಯಲ್ಲಿ ಎದುರು ಸಿಕ್ಕರೆ ಇವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಅವಳು ಕುರ್ಚಿಯಲ್ಲಿ ಕೂತಳು, ಎದ್ದಳು, ಕಿಟಕಿಯವರೆಗೆ ಹೋಗಿ ಬಂದಳು. ಹೇಗೂ ಹೋಗುವ ಜೀವವೇ ಅಲ್ಲವೇ ಎಂದುಕೊಂಡಳು. ಡಾಕ್ಟರೇ ಕೈಬಿಟ್ಟಿದ್ದಾರೆ. ಆ ಎಕ್ಸ್‌ರೇಯನ್ನು ತಾನೇ ಕಣ್ಣಾರೆ ಕಂಡಿಲ್ಲವೇ? ಅವನೇ ಕೇಳಿದ್ದಲ್ಲವೇ, ಅವ್ವನ ಪಕ್ಕದ ಜಾಗ? ಮನಸ್ಸು ಒಂದಕ್ಕೆ ಹತ್ತು ನೆಪ ಹುಡುಕಿ ಕೊಟ್ಟಿತು. ಎಲ್ಲಾ ನೆಪಗಳ ಅಡಿಯಲ್ಲಿ ಇದ್ದದ್ದು ಒಂದೇ: ಯಾರಿಗೂ ಯಾರೂ ಆಗದೆ ಬದುಕುವ ಧೈರ್ಯ ಅವಳಿಗಿರಲಿಲ್ಲ.

ದಫ್ತರ ತೆರೆದಳು. ಅಡ್ಡಗೆರೆ ಎಳೆದಳು. ಮತ್ತೆ ಎಳೆದಳು. ಕಾಗದ ಹರಿಯುವವರೆಗೂ ಎಳೆದಳು.

ಗೋಡೆಯಾಚೆ ಮಿಲ್ಲು ಮತ್ತೆ ಅರಚತೊಡಗಿತು.

ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ತಮ್ಮ.

"ಅಕ್ಕಾ," ಎಂದ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳಿಗೆ ಸಂತೋಷವಾಯಿತು. ಮುಚ್ಚಿಡುವುದೇಕೆ, ಕುಣಿಯುವಷ್ಟು ಸಂತೋಷವಾಯಿತು. ಅವನು ಅಳುತ್ತಿದ್ದಾನೆಂದು ತಿಳಿದದ್ದು ಆಮೇಲೆ.

"ಎಲ್ಲಿದ್ದೀಯೆ ನೀನು? ಅಪ್ಪ ಹೋಗ್ಬಿಟ್ರು ಅಕ್ಕಾ. ಚೆನ್ನಾಗೇ ಕೂತಿದ್ರು. ಯಾರೋ ಕೈ ಹಿಡಿದು ಎಳ್ಕೊಂಡ ಹಾಗೆ ಮುಗ್ಗರಿಸಿ ಬಿದ್ರು. ಕೊನೆಗೆ ನಿನ್ನನ್ನೇ ಕೇಳಿದ್ರು."

"ಏನಂತ?"

"ಏನೇನೋ ಬಡಬಡಿಸಿದ್ರು. ನನ್ನ ಮಗಳು ಬಾಗಿಲಿಗೆ ಬಂದಿದ್ಲು ಕಣೋ, ಗುರುತೇ ಸಿಗ್ಲಿಲ್ಲ, ನೀರು ಕೊಟ್ಟು ಕಳಿಸು ಅಂದುಬಿಟ್ಟೆ, ಓಡಿಹೋಗಿ ಕರ್ಕೊಂಡು ಬಾ ಅಂತ. ನಾನು ಬೀದಿಗೆ ಓಡಿ ನೋಡಿದೆ. ನೀನೆಲ್ಲೂ ಕಾಣಲಿಲ್ಲ."

ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆಯಿಂದ ತಮ್ಮ ಅಕ್ಕಾ, ಅಕ್ಕಾ ಎಂದು ಕರೆಯುತ್ತಲೇ ಇದ್ದ.