ಹಣ ಯಾರ ಹೆಸರಿಗೆ

ಜಾಕಿಯ ರಾಡು ನನ್ನ ಮೊಣಕಾಲಿನ ಮೇಲೆ ತಣ್ಣಗೆ ಕೂತಿತ್ತು.

ಹೊಡೆದಿರಲಿಲ್ಲ. ಇಟ್ಟಿದ್ದ, ಅಷ್ಟೇ. ಹೊಡೆಯುವವನಿಗಿಂತ ಸುಮ್ಮನೆ ಇಟ್ಟುಕೊಂಡು ನಿಲ್ಲುವವನೇ ಅಪಾಯ...

ರಾಡು ಹಿಡಿದವನು ಗೂಳಿ. ಹೆಸರು ನಾನಿಟ್ಟದ್ದು. ಅವನ ಕತ್ತು ನೋಡಿದ್ದರೆ ನೀವೂ ಅದನ್ನೇ ಇಡುತ್ತಿದ್ದಿರಿ. ಮೇಜಿನ ಆಚೆ, ಸೆಕೆಂಡ್ ಹ್ಯಾಂಡ್ ಕಾರುಗಳ ಆ ಅಂಗಡಿಯ ಮ್ಯಾನೇಜರ್. ಬಾಟಲಿಗಟ್ಟಲೆ ಸೆಂಟು ಸುರಿದುಕೊಂಡು ಬಂದಿದ್ದ; ಅವನಿಗೆ ಸೆಂಟು ಅಂತಲೇ ಹೆಸರಿಟ್ಟೆ. ನನ್ನ ಪಕ್ಕದಲ್ಲಿ ಡ್ರೈವಿಂಗ್ ಕಲಿಸುವ ಅಕ್ಕ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು.

ಬಾಗಿಲಿಗೆ ಒಳಗಿನಿಂದ ಚಿಲಕ.

“ಬೆರಳು ಇಡಮ್ಮಾ,” ಅಂದ ಸೆಂಟು. “ಒಂದು ಸೆಕೆಂಡಿನ ಕೆಲಸ. ಕಾರು ನಿಮ್ಮದು.”

ಇಷ್ಟಕ್ಕೆಲ್ಲ ಕಾರಣ ನಾನು ಕೇಳಿದ ಒಂದೇ ಪ್ರಶ್ನೆ. ಬೋರ್ಡಿನ ಮೇಲಿರುವುದು ಅಂಗಡಿಯ ಹೆಸರು, ಬಿಲ್ಲಿನ ಮೇಲೂ ಅದೇ ಹೆಸರು. ಹಣ ಮಾತ್ರ ಬೇರೆ ಖಾತೆಗೆ ಯಾಕೆ?

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಬಾಯಿ ತೆರೆಯುವುದಕ್ಕೇ ನನಗೆ ಫೀಸು ಕೊಡುತ್ತಾರೆ. ಮೊದಲು ಸಾಲ ಕಟ್ಟದವರ ಕಾರುಗಳನ್ನು ಎಳೆದು ತರುತ್ತಿದ್ದೆ. ಈಗ ಕಾರು ಕೊಳ್ಳುವವರ ಜೊತೆ ಹೋಗಿ ನಿಲ್ಲುತ್ತೇನೆ. ಜೊತೆಗೆ ನಿಲ್ಲುವುದೇ ನನ್ನ ಕಸುಬು. ಕೆಲಸ ಮುಗಿದ ಮೇಲೆ ಅವರು ಅವರ ಮನೆಗೆ, ನಾನು ನನ್ನ ರೂಮಿಗೆ. ಅಲ್ಲಿ ಟೀವಿ ಹಾಕುತ್ತೇನೆ. ನೋಡುವುದಕ್ಕಲ್ಲ... ಯಾರಾದರೂ ಮಾತಾಡುತ್ತಿರಲಿ ಅಂತ.

ಅಕ್ಕನ ಕಾರನ್ನು ಕಲಿಯಲು ಬಂದವನೊಬ್ಬ ಗೋಡೆಗೆ ಗುದ್ದಿ ಅಪ್ಪಚ್ಚಿ ಮಾಡಿದ್ದ. ಕಾರಿಲ್ಲದೆ ಕ್ಲಾಸಿಲ್ಲ, ಕ್ಲಾಸಿಲ್ಲದೆ ಒಲೆ ಹೊತ್ತುವುದಿಲ್ಲ. ಇದ್ದಬದ್ದ ಉಳಿತಾಯವೆಲ್ಲ ಆ ಮೊಬೈಲಿನೊಳಗಿತ್ತು. ಇದು ಹೋದರೆ ಮತ್ತೆ ಹುಟ್ಟುವ ಹಣವಲ್ಲ.

ಬೆಳಿಗ್ಗೆಯೇ ಹೇಳಿದ್ದರು: “ಕಾರಿನ ವಿಷಯ ನನಗೆ ಬಿಡಪ್ಪಾ. ಇಂಜಿನ್ ಕೆಮ್ಮಿದರೆ ಸಾಕು, ಜಾತಕ ಹೇಳ್ತೀನಿ. ದುಡ್ಡು ಕಟ್ಟೋದು ಹೇಗೆ ಅಂತ ನೀನು ನೋಡ್ಕೋ.”

“ನಗದು ಬೇಡ ಅಕ್ಕಾ. ಕೈ ದಾಟಿದ ಮೇಲೆ ಅದಕ್ಕೆ ಅಪ್ಪ ಅಮ್ಮ ಇಲ್ಲ. ಅಡ್ವಾನ್ಸ್ ಕೇಳಿದ್ರೆ ಕಾರ್ಡಲ್ಲಿ ಕೊಡಿ, ತಕರಾರು ಬಂದ್ರೆ ಬ್ಯಾಂಕಿನವರ ಹತ್ರ ಜಗಳ ಆಡಬಹುದು. ಉಳಿದಿದ್ದಕ್ಕೆ ಅಂಗಡಿ ಹೆಸರಲ್ಲೇ ಡಿಡಿ.”

“ಅದಕ್ಕೂ ಒಪ್ಪದೇ ಇದ್ರೆ?”

“ಎದ್ದು ಬರೋದು.”

ಎದ್ದು ಬರುವುದು ಹೇಳಿದಷ್ಟು ಸುಲಭವಿರಲಿಲ್ಲ. ನನ್ನ ಮೊಣಕಾಲನ್ನೇ ಕೇಳಿ.

“ಅಂಗಡಿ ಅಕೌಂಟು ಆಡಿಟ್‌ನಲ್ಲಿದೆ ಕಣಯ್ಯಾ,” ಅಂದ ಸೆಂಟು. “ಅದಕ್ಕೇ ಈ ನಂಬರ್.”

“ಸರಿ. ಮೊದಲು ಸ್ವಲ್ಪ ಚಿಲ್ಲರೆ ಹಾಕಿ ನೋಡೋಣ. ಯಾರ ಹೆಸರು ಬರುತ್ತೋ ನೋಡಿ, ಆಮೇಲೆ ಪೂರ್ತಿ.”

ಸೆಂಟು ನಕ್ಕ. “ಹಾಕಮ್ಮಾ. ನಿನ್ನ ಬಾಡಿಗಾರ್ಡಿಗೂ ಸಮಾಧಾನ ಆಗ್ಲಿ.”

ಅಕ್ಕ ಬೆರಳಿಟ್ಟರು. ಟಿಂಗ್ ಅಂತು. ಕನ್ನಡಕ ಮೇಲೇರಿಸಿ, ತೆರೆಯ ಮೇಲಿನ ಹೆಸರನ್ನು ಅಕ್ಷರ ಬಿಡಿಸಿ ಓದಿದರು.

ಆ ಹೆಸರು ನನಗೆ ಗೊತ್ತಿತ್ತು.

ನನ್ನ ಬಾಗಿಲ ಮೇಲೆ, ನನ್ನ ಹೆಸರಿನ ಕೆಳಗೇ ಇದ್ದ ಹೆಸರು. ಈಗ ಆ ಜಾಗದಲ್ಲಿ ಮೊಳೆಯ ಎರಡು ತೂತುಗಳಿವೆ.

ನನ್ನ ಹೆಂಡತಿ. ಒಂದು ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಹೋದವಳು ಫೋನೂ ಮಾಡಿರಲಿಲ್ಲ.

“ನಮ್ಮ ಅತ್ತಿಗೆ,” ಅಂದ ಸೆಂಟು, ಕೇಳುವ ಮೊದಲೇ.

ಆ ಲೆಕ್ಕಕ್ಕೆ ನಾನು ಇವನ ಅಣ್ಣ. ಕಾಲಿಗೆ ಬೀಳಬೇಕಾದವನು ಕಾಲು ಮುರಿಯಲು ನಿಂತಿದ್ದ. ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ.

“ಪೂರ್ತಿ ಹಾಕೋಣ,” ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. “ಆದ್ರೆ ಅಕ್ಕಾ, ರಿವರ್ಸ್ ಗೇರಲ್ಲಿ ಏನೋ ಸದ್ದು ಬಂತು ಅಂದ್ರಲ್ಲ?”

ಅಕ್ಕ ಹಾಗೆ ಅಂದೇ ಇರಲಿಲ್ಲ. ನನ್ನ ಮುಖ ನೋಡಿದರು. ಕ್ಲಚ್ಚು ಬಿಡುವ ಮೊದಲೇ ಶಿಷ್ಯನ ತಪ್ಪು ಹಿಡಿಯುವ ಕಣ್ಣು ಅದು.

“ಹೂಂ. ಕರಕರ ಅಂತಿತ್ತು. ಇನ್ನೊಂದು ರೌಂಡ್ ನೋಡದೆ ನಾನು ಪೈಸೆ ಬಿಚ್ಚಲ್ಲ.”

ಸೆಂಟು ತುಟಿ ಕಚ್ಚಿದ. ಕೀ ಎಸೆದ. “ಇವನೂ ಜೊತೆಗೆ ಬರ್ತಾನೆ.”

ಗೂಳಿ ಹಿಂದಿನ ಸೀಟಿನ ನಡುವೆ ಕೂತ. ರಾಡು ನನ್ನ ಕಿವಿಯ ಪಕ್ಕ.

ಅಕ್ಕ ಸೀಟು ಸರಿಮಾಡಿಕೊಂಡರು. ಕನ್ನಡಿ ತಿರುಗಿಸಿದರು. ಆ ಗಳಿಗೆಯಲ್ಲೂ... ನಿಧಾನವಾಗಿ!

“ಹಿಂದೆ ಕೂತವರೂ ಬೆಲ್ಟ್ ಹಾಕ್ಕೋಬೇಕು ಮಗಾ.”

“ಸುಮ್ನೆ ಓಡಿಸಮ್ಮಾ.”

“ನಾನು ಹೇಳೋದು ಹೇಳಿದೀನಿ.”

ಗೇಟು ದಾಟಿತು ಕಾರು. ಎರಡನೇ ಗೇರು. ಮೂರನೇ ಗೇರು. ಆಮೇಲೆ ಅಕ್ಕ ಬ್ರೇಕಿನ ಮೇಲೆ ಎದ್ದು ನಿಂತರು ಅಂತಲೇ ಹೇಳಬೇಕು.

ನನ್ನ ಬೆಲ್ಟು ಎದೆಗೆ ಕಚ್ಚಿತು. ಗೂಳಿ ಎರಡು ಸೀಟಿನ ಸಂದಿಯಿಂದ ಮೂಗು ಮುಂದೆ ಮಾಡಿ ಗೇರಿನ ಹತ್ತಿರ ಬಂದು ಬಿದ್ದ. ರಾಡು ನನ್ನ ಕೈ ಸೇರಿತು.

“ಇಳಿ,” ಅಂದೆ.

ಇಳಿದ. ಮೂಗು ಹಿಡಿದುಕೊಂಡು, ಮರ್ಯಾದೆಯಿಂದಲೇ.

ಕನ್ನಡಿಯಲ್ಲಿ ಬಿಳಿ ಕಾರು ಕಾಣಿಸಿತು. ಸೆಂಟು! ಹಾರ್ನು ಬಿಡದೆ ಒತ್ತಿ ಹಿಡಿದಿದ್ದ.

“ಅಕ್ಕಾ, ಸ್ಪೀಡು...”

“ಇದು ಸ್ಕೂಲ್ ರೋಡು.”

“ಅಕ್ಕಾ!”

ಸ್ಕೂಲು ಮುಗಿದ ಮೇಲೆಯೇ ತುಳಿದರು. ಮರದ ಸಾಮಾನಿನ ಅಂಗಡಿಗಳ ಓಣಿ. ಬೀದಿಗೆ ಬಂದು ಕೂತ ಸೋಫಾಗಳು, ಅವುಗಳ ನಡುವೆ ಹಾವಿನಂತೆ ನಮ್ಮ ಕಾರು. ಹಿಂದಿನಿಂದ ಒಂದು ಗುದ್ದು. ಬಂಪರ್ ಕಿತ್ತುಬಂದ ಸದ್ದು. ಅಷ್ಟರಲ್ಲಿ ಟಿಕ್... ಟಿಕ್... ಟಿಕ್.

“ಇಂಡಿಕೇಟರ್ ಬೇಡ ಅಕ್ಕಾ. ಎಲ್ಲಿಗೆ ತಿರುಗ್ತೀವಿ ಅಂತ ಅವನಿಗೆ ನಾವೇ ಹೇಳಿಕೊಟ್ಟ ಹಾಗಾಗುತ್ತೆ.”

“ಕೈ ತಾನಾಗೇ ಹೋಗುತ್ತಪ್ಪಾ, ಏನ್ಮಾಡ್ಲಿ?”

ಒಂದು ಕ್ಷಣ ಯೋಚಿಸಿದರು. ಎಡಕ್ಕೆ ಇಂಡಿಕೇಟರ್ ಹಾಕಿದರು. ಬಲಕ್ಕೆ ತಿರುಗಿಸಿದರು.

ಸೆಂಟು ಎಡಕ್ಕೆ ನುಗ್ಗಿದ. ಅಲ್ಲಿ ಚರಂಡಿ ಅಗೆದಿದ್ದರು.

ಬ್ಯಾಂಕಿನ ಹಿಂದೆ, ಎರಡು ಬಿಳಿ ಗೆರೆಗಳ ನಟ್ಟನಡುವೆ ಅಕ್ಕ ಕಾರು ನಿಲ್ಲಿಸಿದರು.

“ಸರ್ವೀಸಲ್ಲಿ ಮೊದಲನೇ ಸಲ ಕಣಪ್ಪಾ, ಸುಳ್ಳು ಇಂಡಿಕೇಟರ್ ಹಾಕಿದ್ದು.” ಕಣ್ಣೊರೆಸಿಕೊಂಡರು.

ಅಂಗಡಿಯ ಬೋರ್ಡಿನಿಂದ ಬೆಳಿಗ್ಗೆಯೇ ಬರೆದುಕೊಂಡಿದ್ದ ಅಂಗಡಿ ಯಜಮಾನರ ನಂಬರಿಗೆ ಅಕ್ಕನೇ ಫೋನು ಮಾಡಿದರು. ಆ ಕಾರು ಇನ್ನೂ ರಿಪೇರಿಯಲ್ಲಿದೆ ಎಂದು ಮ್ಯಾನೇಜರ್ ಹೇಳಿದ್ದನಂತೆ. ಯಜಮಾನರು ಕೂಡಲೇ ಹೊರಟರು.

ನಾನು ಕಾರಿನ ಆಚೆ ಹೋಗಿ ಇನ್ನೊಂದು ನಂಬರ್ ಒತ್ತಿದೆ. ಅಳಿಸಬೇಕು ಅಂದುಕೊಂಡು ಅಳಿಸದೆ ಉಳಿದ ನಂಬರ್.

“ನಾನು,” ಅಂದೆ.

“ಗೊತ್ತು.”

“ಕಾರಂಗಡಿಯ ಆ ಸೆಂಟು ಮ್ಯಾನೇಜರ್ ನಿನ್ನ ಖಾತೆಗೆ ಜನರ ದುಡ್ಡು ಹಾಕಿಸ್ತಿದ್ದಾನೆ.”

“ಅದೂ ಗೊತ್ತು. ಖಾಲಿ ಬಿದ್ದಿತ್ತು. ಬಾಡಿಗೆಗೆ ಕೊಟ್ಟೆ.”

ದನಿ ಬದಲಾಗಿರಲಿಲ್ಲ. ಅದೇ ಕಷ್ಟವಾಯಿತು.

“ದೂರು ಕೊಡ್ತಿದೀವಿ.”

“ಕೊಡದೇ ಇರಕ್ಕಾಗಲ್ವಾ?”

ಕಾರಿನೊಳಗೆ ಅಕ್ಕ ನೀರು ಕುಡಿಯುತ್ತಿದ್ದರು.

“ಆಗಲ್ಲ. ಅರ್ಧ ಗಂಟೆ ತಡೀತೀನಿ. ಅಷ್ಟರಲ್ಲಿ ನೀನೇ ಹೋಗಿ ಎಲ್ಲಾ ಹೇಳಿಬಿಡು. ಹಣ ಮುಟ್ಟಿಲ್ಲ ಅಂದ್ರೆ ನಿನಗೆ ಅಷ್ಟು ತೊಂದರೆ ಆಗಲ್ಲ.”

ಅವಳು ಮೆತ್ತಗೆ ಕೇಳಿದಳು: “ಊಟ ಆಯ್ತಾ ನಿಮ್ದು?”

ಈ ಪ್ರಶ್ನೆ ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಆಗಿಲ್ಲ ಅಂದೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು ಅಂದಳು. ರಾತ್ರಿ ನಿದ್ದೆ ಬರುತ್ತಾ ಅಂದಳು. ಬಿಸಿಲಲ್ಲಿ ನಿಂತು ಎಲ್ಲದಕ್ಕೂ ಉತ್ತರ ಕೊಟ್ಟೆ, ಪೂರ್ತಿಯಾಗಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ. ಕೊನೆಗೆ ಫೋನು ಅವಳೇ ಇಟ್ಟಳು.

ಅಂಗಡಿಯ ಹೆಸರಿಗೆ ಡಿಡಿ ಆಯಿತು. ಯಜಮಾನರು ಬೆವರುತ್ತ ಬಂದು, ಬ್ಯಾಂಕಿನ ಮೇಡಂ ಎದುರಿಗೇ ಡಿಡಿ ತೆಗೆದುಕೊಂಡು ರಸೀದಿ, ಕಾರಿನ ಕಾಗದಪತ್ರ ಎಲ್ಲಾ ಕೊಟ್ಟರು. ಬಂಪರಿನ ಖರ್ಚು ನಂದು ಅಂದರು. ಅಕ್ಕ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಕೊಟ್ಟ ಮಾತಿನಂತೆ, ಅರ್ಧ ಗಂಟೆ ಕಳೆದ ಮೇಲೆ ದೂರು ಹೇಳಿದೆವು. ಚಿಲ್ಲರೆ ಹೋದ ಆ ಖಾತೆ ಅದೇ ಬ್ಯಾಂಕಿನದು. ಮೇಡಂ ಕಂಪ್ಯೂಟರ್ ನೋಡಿದರು. ಹುಬ್ಬು ಗಂಟಿಕ್ಕಿದರು.

“ತುಂಬಾ ಜನರ ದುಡ್ಡು ಬಂದಿದೆ ರೀ. ಆದ್ರೆ ಈಗ ಏನೂ ಉಳಿದಿಲ್ಲ. ಇವತ್ತೇ, ಸ್ವಲ್ಪ ಹೊತ್ತಿನ ಮುಂಚೆ, ಯಾರೋ ಪೂರ್ತಿ ಗುಡಿಸಿ ಹಾಕಿದ್ದಾರೆ.” ಟೈಮು ಓದಿದರು.

ನಾನು ನನ್ನ ಫೋನು ತೆಗೆದು ನೋಡಿದೆ. ಅದೇ ಹೊತ್ತಿಗೆ ನಾನು ರಾತ್ರಿಯ ನಿದ್ದೆಯ ಬಗ್ಗೆ ಹೇಳುತ್ತಿದ್ದೆ.

ಅವಳಿಗೆ ಫೋನು ಮಾಡಿ ಎಚ್ಚರಿಸಿದ್ದು ನಾನೇ ಅಂತ ಮೇಡಂಗೆ ಹೇಳಿದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ಹಾಗಾದ್ರೆ ಈ ಖಾತೆಯವರು ನಿಮಗೆ ಪರಿಚಯಾನಾ?”

“ಮದುವೆ ಆಗಿತ್ತು,” ಅಂದೆ. “ಪರಿಚಯ ಆಗ್ಲಿಲ್ಲ.”