ತೋಟದ ಮಂತ್ರಿ ಆರಿಸಿದ ಗ್ಯಾಸ್‌ಲೈಟು

"ಇದೇ ಆಯ್ತ್ ಮಾಷ್ಟ್ರೇ! ಕಟ್ಟಿ ಕೊಡುಕೆ ಹೇಳಿ!" ಎಂದು ರತ್ನಾಕರ ಹೇಳುವಷ್ಟರಲ್ಲಿ ಅವನು ಆ ಗ್ಯಾಸ್‌ಲೈಟನ್ನು ಅರ್ಧ ತಬ್ಬಿಕೊಂಡೇ ಆಗಿತ್ತು.

ಅದು ತಬ್ಬಿಕೊಳ್ಳುವ ಹಾಗೆಯೇ ಇತ್ತು. ಹೊಚ್ಚಹೊಸದು, ಮೈಯೆಲ್ಲ ಫಳಫಳ. ಅದರ ಹೊಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ರತ್ನಾಕರ ಒಮ್ಮೆ ಬಾಚಿಕೊಂಡೂ ಆಗಿತ್ತು.

ಕುಂದಾಪುರ ಪೇಟೆಯ ಅಂಗಡಿಯ ಪಾಂಡು ಪೈಗಳು ಕಟ್ಟಲು ಹಗ್ಗ ತೆಗೆಯಲು ಎದ್ದರು. ಉಮಾನಾಥ ಮಾಷ್ಟ್ರು ದುಡ್ಡಿನ ಚೀಲಕ್ಕೆ ಕೈ ಹಾಕಿದರು. ಆಗ ಅವರ ಹಿಂದಿನಿಂದ ಸಣ್ಣ ದನಿಯೊಂದು ಕೇಳಿತು.

"ಮಾಷ್ಟ್ರೇ, ಒಂದ್ಸಲ ಹೊತ್ಸಿ ಕಾಂಬನಾ?"

ಕೇಳಿದವಳು ಕುಸುಮಾವತಿ. ಕೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

ರತ್ನಾಕರ ತಿರುಗಿ ನೋಡಿದ. "ಹೊಸ್ತನ್ನ್ ಎಂತ ಹೊತ್ಸಿ ಕಾಂಬುದ್? ಇದೆಂತ ಬದ್ನಿಕಾಯಾ, ಕೊರ್ದ್ ಕಾಂಬುಕೆ?"

ರತ್ನಾಕರ ಏಳನೆಯ ಕ್ಲಾಸು. ಗುಲ್ವಾಡಿಯ ಹೊಳೆ ಬದಿಯ ಶಾಲೆಯಲ್ಲಿ ಮಕ್ಕಳದೇ ಒಂದು ಮಂತ್ರಿಮಂಡಲವಿತ್ತು. ಅದಕ್ಕೆ ಅವನು ಮುಖ್ಯಮಂತ್ರಿ. ಸಾಲದ್ದಕ್ಕೆ, ಇವತ್ತು ಸಂಜೆಯ ನಾಟಕದಲ್ಲಿ ರಾಜ. ಎರಡು ಅಧಿಕಾರ ಒಂದೇ ತಲೆಗೆ ಏರಿದರೆ ಕೇಳಬೇಕೇ? ಕುಸುಮಾವತಿ ಆರನೆಯ ಕ್ಲಾಸು, ತೋಟದ ಮಂತ್ರಿ. ಉಳಿದ ಮಂತ್ರಿಗಳಿಗೆ ಭಾಷಣ ಮಾಡುವ ಕೆಲಸ, ತೋಟದ ಮಂತ್ರಿಗೆ ನೀರು ಹೊರುವ ಕೆಲಸ. ಹಾಗಾಗಿ ಅವಳಿಗೆ ಮಾತಾಡಿ ಅಭ್ಯಾಸ ಇರಲಿಲ್ಲ.

ಆದರೆ ಈ ದೀಪ ಅವಳ ತೋಟಕ್ಕೇ ಬರುವುದು. ಅವಳ ತೋಟದಿಂದಲೇ ಬರುವುದು. ಮಕ್ಕಳೆಲ್ಲ ಸೇರಿ ಬೆಳೆದ ಬದನೆ, ಸೌತೆ, ಹರಿವೆಯನ್ನು ವಾರ ವಾರ ಸಂತೆಯಲ್ಲಿ ಮಾರಿ ಕೂಡಿಟ್ಟ ದುಡ್ಡೇ ಮಾಷ್ಟ್ರ ಚೀಲದಲ್ಲಿದ್ದದ್ದು. ಇವತ್ತು ಬೆಳಿಗ್ಗೆ ಕೊನೆಯ ಬುಟ್ಟಿ ಖರ್ಚಾದ ಮೇಲೆಯೇ ಅದು ಪೂರ್ತಿಯಾದದ್ದು. ಸಂಜೆಗೆ ಶಾಲೆಯ ವಾರ್ಷಿಕೋತ್ಸವ, ಅದೇ ತೋಟದ ನಡುವೆ.

ಹೋದ ವರ್ಷದ ವಾರ್ಷಿಕೋತ್ಸವದ ಸುದ್ದಿ ಎತ್ತಿದರೆ ಊರವರು ಈಗಲೂ ನಗುತ್ತಾರೆ. ಬಾಡಿಗೆಗೆ ತಂದ ಗ್ಯಾಸ್‌ಲೈಟು ಹೊಳೆಯ ಗಾಳಿಗೆ ಅರ್ಧ ನಾಟಕದಲ್ಲೇ ಆರಿಹೋಗಿತ್ತು. ಕತ್ತಲಲ್ಲಿ ರಾಕ್ಷಸ ಬಸಳೆ ಚಪ್ಪರಕ್ಕೆ ಹೊಕ್ಕು ಸಿಕ್ಕಿಬಿದ್ದ. ಜನ ತೆಂಗಿನ ಗರಿಯ ಸೂಡಿ ಹೊತ್ತಿಸಿಕೊಂಡು, ನಗುತ್ತಾ ಮನೆಗೆ ಹೋದರು. ಗಿಡಗಳನ್ನು ತುಳಿದುಕೊಂಡೇ ಹೋದರು. ಮರುದಿನ ಮುರಿದ ಬದನೆ ಗಿಡಗಳಿಗೆ ಕೋಲು ಕಟ್ಟುತ್ತಾ ಕುಸುಮಾವತಿ ಅತ್ತದ್ದನ್ನು ಯಾರೂ ನೋಡಿರಲಿಲ್ಲ.

ಪೈಗಳು ಕಪಾಟಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದರು. "ಹೊತ್ಸಿ ತೋರ್ಸುದ್ ಎಂತ ದೊಡ್ಡ ಕೆಲ್ಸ ಅಲ್ಲ ಮಾಷ್ಟ್ರೇ. ಆದ್ರೆ ಮ್ಯಾಂಟಲ್ ಇದೊಂದೇ ಇಪ್ಪುದ್. ಮದ್ವಿ ಕಾಲ ಅಲ್ದಾ, ಎಲ್ಲ ಖರ್ಚಾಯ್ತ್. ಇನ್ನ್ ಮಂಗ್ಳೂರಿಂದ ಸೋಮವಾರವೇ ಬಪ್ಪುದ್."

ಮ್ಯಾಂಟಲ್ ಎಂದರೆ ನೂಲಿನ ಬಲೆಯ ಸಣ್ಣ ಚೀಲ. ಗ್ಯಾಸ್‌ಲೈಟಿನಲ್ಲಿ ಬೆಳಗುವುದು ಅದೇ. ಒಮ್ಮೆ ಹೊತ್ತಿಸಿದರೆ ನೂಲು ಸುಟ್ಟು ಬೂದಿಯ ಚೀಲವಾಗುತ್ತದೆ. ಮುಟ್ಟದೆ ಇದ್ದರೆ ಎಷ್ಟೋ ದಿನ ಬೆಳಕು ಕೊಡುತ್ತದೆ. ಬೆರಳು ತಾಗಿದರೆ, ಜೋರಾಗಿ ಕುಲುಕಿದರೆ ಪುಡಿಪುಡಿ.

"ಇಲ್ಲಿ ಹೊತ್ಸಿರೆ ಬಸ್ಸಂಗೆ ಹೋಪತಿಗೆ ಉದ್ರಿ ಹೋತ್ತ್!" ಎಂದ ರತ್ನಾಕರ.

ಮಾಷ್ಟ್ರು ದೀಪವನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ಹೋದ್ ವರ್ಷದ್ದೂ ಅಂಗ್ಡಿ ಒಳ್ಗೆ ಚಂದವೇ ಇದ್ದಿತ್ತಂಬ್ರ್ ಮಾಷ್ಟ್ರೇ," ಎಂದಳು ಕುಸುಮಾವತಿ ನೆಲ ನೋಡುತ್ತಾ.

ಮಾಷ್ಟ್ರಿಗೆ ಆ ಮಾತು ನಾಟಿತು. "ಹೊತ್ಸಿ ಪೈಗಳೇ."

"ಒಳ್ಗೆ ಅಲ್ಲ, ಹೊರ್ಗೆ ಜಗ್ಲಿಯಂಗೆ," ಎಂದಳು ಅವಳು ಗಡಿಬಿಡಿಯಲ್ಲಿ. "ನಮ್ದ್ ತೋಟ ಅಲ್ದಾ? ಗಾಳಿ ಬತ್ತ್."

ಪೈಗಳು ದೀಪವನ್ನು ಜಗಲಿಗೆ ತಂದರು. ಮ್ಯಾಂಟಲ್ ಕಟ್ಟಿದರು, ಚಿಮಣಿ ಎಣ್ಣೆ ಹೊಯ್ದರು, ಸ್ಪಿರಿಟ್ ಉರಿಸಿ ಬಿಸಿ ಮಾಡಿದರು, ಗಾಳಿ ಹೊಡೆದರು. ಭಗ್ಗೆಂದು ಬೆಳಕು ಬಂತು. ಹಾಡಹಗಲಲ್ಲೂ ಕಣ್ಣು ಕುಕ್ಕುವ ಬಿಳಿ ಬೆಳಕು!

"ಹ್ಯಾಂಗೆ!" ಎಂದು ರತ್ನಾಕರ ಎದೆ ಮುಂದೆ ಮಾಡಿ ನಿಂತ. ದೀಪವನ್ನು ಅವನೇ ತಯಾರಿಸಿದಂತಿತ್ತು.

ಅಷ್ಟರಲ್ಲಿ ಕಡಲ ಕಡೆಯಿಂದ ಒಂದು ಗಾಳಿ ಬೀದಿಯಲ್ಲಿ ಬಂತು. ಬೆಳಕು ಕೆಂಪಾಯಿತು. ಆಮೇಲೆ ಕಪ್ಪು ಹೊಗೆ. ಪೈಗಳು ಗಾಳಿ ಹೊಡೆದರು, ಬೆಳಗಿತು. ನಿಲ್ಲಿಸಿದರು, ಕೆಂಪಾಯಿತು. ಮತ್ತೆ ಹೊಡೆದರು. ಮೂಗಿನ ತುದಿಯಲ್ಲಿ ಬೆವರು ಬಂದದ್ದಷ್ಟೇ ಲಾಭ. ದೀಪ ಪುಸ್ಸೆಂದು ಆರಿಹೋಯಿತು.

"ಎಲ್ಲೋ ಗಾಳಿ ಸೋರತ್ತ್," ಎಂದು ಪೈಗಳು ಮುಖ ಸಣ್ಣ ಮಾಡಿದರು. "ಇದನ್ನ್ ವಾಪಸ್ ಕಳ್ಸ್ಕ್. ಬೇರೆ ಹೊಸ್ತ್ ಇಲ್ಲ ಮಾಷ್ಟ್ರೇ."

ಊರಿನಲ್ಲಿದ್ದ ಒಂದೇ ಗ್ಯಾಸ್‌ಲೈಟು ಸಿದ್ದಾಪುರದ ಮದುವೆಗೆ ಹೋಗಿತ್ತು. ಇನ್ನು ಉಳಿದದ್ದು ಲಾಟನ್ನು, ಸೂಡಿ, ಮತ್ತೆ ಊರವರ ನಗು.

"ಇದ್ದ್ ಮ್ಯಾಂಟಲೂ ಹೋಯ್ತ್," ಎಂದ ರತ್ನಾಕರ. "ಎಲ್ಲ ನಿನ್ ದೆಸಿಂದ."

ದೀಪ ಕೆಟ್ಟದ್ದು ಅವಳ ದೆಸೆಯಿಂದ ಅಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಬೇಜಾರಾದಾಗ ಬಯ್ಯಲು ಯಾರಾದರೊಬ್ಬರು ಬೇಕಲ್ಲ? ಕುಸುಮಾವತಿಯ ಕಣ್ಣು ತುಂಬಿ ಬಂತು. ಪೇಟೆಯಲ್ಲಿ ನಿಂತು ಅಳುವುದುಂಟೇ? ನೀರು ಕೆಳಗೆ ಬೀಳದಿರಲಿ ಎಂದು ಅವಳು ತಲೆ ಮೇಲೆತ್ತಿದಳು.

ಮೇಲೆ, ಮಾಡಿನ ಅಂಚಿನ ಕೊಕ್ಕೆಯಲ್ಲಿ ಇನ್ನೊಂದು ಗ್ಯಾಸ್‌ಲೈಟು ನೇತಾಡುತ್ತಿತ್ತು. ಟೊಪ್ಪಿ ಮಸಿ ಹಿಡಿದಿತ್ತು, ಹೊಟ್ಟೆ ಒಂದು ಕಡೆ ತಗ್ಗಿತ್ತು.

"ಅದ್ ಯಾರ್ದ್?"

"ಅದಾ? ನಮ್ಮ್ ಅಂಗ್ಡಿದೇ ಮಗಾ. ಕರೆಂಟ್ ಬಪ್ಪುಕ್ ಮುಂಚೆ ದಿನಾ ಅದೇ. ಈಗ್ಲೂ ಕರೆಂಟ್ ಹೋರೆ ಅದನ್ನೇ ಹೊತ್ಸುದ್."

"ಇಲ್ಲೇ ಹೊರ್ಗೆ ಹೊತ್ಸುದಾ?"

"ಇಲ್ಲೇ."

"ಗಾಳಿಗೆ ಆರತ್ತಾ?"

ಪೈಗಳು ನಕ್ಕರು. "ಮಳ್ಗಾಲದ ಕಡ್ಲ್ ಗಾಳಿಗೇ ಆರ್ಲಿಲ್ಲ ಅದ್."

"ಹಾಂಗಾರೆ ನಮ್ಗೆ ಅದೇ ಬೇಕ್."

ರತ್ನಾಕರ ತಲೆಗೆ ಕೈ ಹೊತ್ತ. "ಅಯ್ಯೋ, ಅದ್ ಹಳೇ ತಪ್ಲಿ ಕಂಡಂಗ್ ಇತ್ತ್!"

"ಅದ್ ಮಾರುಕೆ ಇಟ್ಟದ್ದಲ್ಲ ಮಗಾ," ಎಂದರು ಪೈಗಳು.

ಕುಸುಮಾವತಿ ಈಗ ನೆಲ ನೋಡಲಿಲ್ಲ. "ನಿಮ್ಗೆ ಕರೆಂಟ್ ಬಂತಲ್ಲ. ನಮ್ಮ್ ತೋಟಕ್ಕೆ ಬೇರೆ ಎಂತದೂ ಇಲ್ಲ."

ಪೈಗಳು ಅಂಗಡಿಯ ಬಲ್ಬನ್ನು ನೋಡಿದರು. ಕೊಕ್ಕೆಯ ದೀಪವನ್ನು ನೋಡಿದರು. "ಮಾಷ್ಟ್ರೇ, ಈ ಹೆಣ್ಣ್ ಯಾರ್?"

"ನಮ್ಮ ತೋಟದ ಮಂತ್ರಿ," ಎಂದರು ಮಾಷ್ಟ್ರು ಗಂಭೀರವಾಗಿ.

"ಮಂತ್ರಿಗಳ್ ಕೇಂಡ್ರೆ ಇಲ್ಲ ಅಂಬುದ್ ಹ್ಯಾಂಗೆ!" ಎಂದು ಪೈಗಳು ಸ್ಟೂಲು ಎಳೆದು ಹತ್ತಿ ದೀಪ ಇಳಿಸಿದರು. ಹಳೆಯದಕ್ಕೆ ಹಳೆಯದರ ಕ್ರಯ ಸಾಕು ಎಂದರು. ಆಮೇಲೆ ಗಾಜಿನ ಮೂಲಕ ಒಳಗೆ ತೋರಿಸಿದರು. "ಇದ್ರಂಗೆ ಹಿಂದೆ ಹೊತ್ಸಿದ್ ಮ್ಯಾಂಟಲ್ ಇತ್ತ್ ಕಾಣ್. ಬರೀ ಬೂದಿ. ಊರಿಗ್ ಮುಟ್ಟುವರಿಗೆ ಇದ್ ಉಳ್ಕಂಡ್ರೆ ನಿಮ್ಗೆ ಬೆಳ್ಕ್. ಉದ್ರಿರೆ ಇಲ್ಲ."

ಬಸ್ಸಿನ ಮಾತೇ ಇಲ್ಲ. ಆ ಹೊಂಡದ ರಸ್ತೆಯಲ್ಲಿ ಮನುಷ್ಯರ ಹಲ್ಲೇ ಉದುರುವಂತಿತ್ತು. ಮಾಷ್ಟ್ರು ಇಬ್ಬರನ್ನೂ ಕರೆದುಕೊಂಡು ದೋಣಿಗಟ್ಟಕ್ಕೆ ನಡೆದರು. ಸಂತೆಗೆ ತೆಂಗಿನಕಾಯಿ ತಂದಿದ್ದ ಕುಷ್ಟನ ದೋಣಿ ಖಾಲಿಯಾಗಿ ಗುಲ್ವಾಡಿಗೆ ಹೊರಡುವುದರಲ್ಲಿತ್ತು.

"ಹ್ವಾಯ್ ಕುಷ್ಟ, ನಿಧಾನ ಬಿಡ್ಕ್. ದೀಪ ಇತ್ತ್!" ಎಂದರು ಮಾಷ್ಟ್ರು.

"ಹೊಳಿಗೆ ಕಡ್ಲ್ ನೀರ್ ಏರ್ತಾ ಇತ್ತ್ ಮಾಷ್ಟ್ರೇ. ಅದೇ ಕರ್ಕಂಡ್ ಹೋತ್ತ್," ಎಂದ ಕುಷ್ಟ.

ಕುಸುಮಾವತಿ ದೋಣಿಯ ನಡುವೆ ಕೂತಳು. ದೀಪವನ್ನು ಕೆಳಗಿಟ್ಟರೆ ದೋಣಿಯ ಅಲುಗಾಟ ತಾಗುತ್ತದೆ. ಹಾಗಾಗಿ ಹಿಡಿಕೆ ಹಿಡಿದು ತೂಗುಹಾಕಿಕೊಂಡೇ ಕೂತಳು. ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಬಲಗೈ. ಗಾಜಿನ ಒಳಗೆ ಆ ಬೂದಿಯ ಚೀಲ ಇದ್ದೂ ಇಲ್ಲದ ಹಾಗೆ ನಿಂತಿತ್ತು.

ರತ್ನಾಕರ ದೋಣಿಯ ಮುಂದಿನ ತುದಿಯಲ್ಲಿ ಬಾಯಿಗೆ ಬೀಗ ಹಾಕಿದಂತೆ ಕೂತಿದ್ದ. ಒಂದು ಮಾತಿಲ್ಲ. ಅವನ ಬಾಯಿ ಇಷ್ಟು ಹೊತ್ತು ಮುಚ್ಚಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. 'ಇನ್ನೂ ಸಿಟ್ಟು ಇಳಿದಿಲ್ಲ. ಇದು ಉದುರಿದರೆ ಜನ್ಮಪೂರ್ತಿ ಹೇಳಿ ತೋರಿಸುತ್ತಾನೆ' ಎಂದುಕೊಂಡಳು.

ಗುಲ್ವಾಡಿಯ ಗಟ್ಟ ಕಂಡಿತು. ಏರುವ ನೀರು ದೋಣಿಯನ್ನು ಕಲ್ಲಿನ ಮೆಟ್ಟಿಲ ಕಡೆಗೆ ರಭಸದಿಂದ ದೂಡಿತು. ಕುಷ್ಟ ದೋಣಿ ತಡೆಯಲು ಬಿದಿರಿನ ಜಲ್ಲೆ ಊರಿದ, ಅದು ಕೆಸರಲ್ಲಿ ಜಾರಿತು.

"ಗಟ್ಟಿ ಕೂಕಣಿ! ಬಡಿತ್ತ್!" ಎಂದು ಕೂಗಿದ.

ಕುಸುಮಾವತಿ ಕಣ್ಣು ಮುಚ್ಚಿದಳು. ದುಡುಮ್ ಎಂದು ಸದ್ದಾಯಿತು. ಆದರೆ ಅದು ನೀರಿನ ಸದ್ದು. ದೋಣಿ ಮೆತ್ತಗೆ ನಿಂತಿತು.

ಕಣ್ಣು ಬಿಟ್ಟರೆ, ಮುಖ್ಯಮಂತ್ರಿಗಳು ಸೊಂಟದವರೆಗೆ ಹೊಳೆಯಲ್ಲಿದ್ದರು! ಇಸ್ತ್ರಿ ಹಾಕಿದ ಬಿಳಿ ಅಂಗಿಗೆಲ್ಲ ಕೆಸರು. ಬೆನ್ನನ್ನು ಮೆಟ್ಟಿಲಿಗೂ ಎದೆಯನ್ನು ದೋಣಿಯ ಮೂತಿಗೂ ಕೊಟ್ಟು ನಿಂತಿದ್ದ. ಆಗಲೂ ಬಾಯಿ ಬಿಡಲಿಲ್ಲ. ದೀಪದ ಕಡೆಗೆ ಹುಬ್ಬು ಹಾರಿಸಿ, ಇದೆಯಾ ಎಂದು ಕೇಳಿದ.

ಇತ್ತು.

ಹೊತ್ತು ಮುಳುಗುವಾಗ ತೋಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆ ಊರೇ ಬಂದಿತ್ತು. ಕೆಲವರ ಕೈಯಲ್ಲಿ ಸೂಡಿಯೂ ಇತ್ತು. ಹೋದ ವರ್ಷದ ನೆನಪು ಚೆನ್ನಾಗಿ ಇದ್ದವರು ಅವರು. ಬದನೆ ಸಾಲಿನ ಆಚೆ ಸೀರೆ ಕಟ್ಟಿದ ಪರದೆ. ಅದರ ಮುಂದಿನ ಕಂಬದಲ್ಲಿ ಹಳೆಯ ಗ್ಯಾಸ್‌ಲೈಟು.

ಮಾಷ್ಟ್ರು ಗಾಳಿ ಹೊಡೆದರು. ಬೂದಿಯ ಚೀಲ ಮೊದಲು ನೀಲಿಯಾಯಿತು, ಆಮೇಲೆ ಹಳದಿ. ಮರುಕ್ಷಣ ಭುಸ್ಸೆಂದು ತೋಟವೆಲ್ಲ ಬೆಳ್ಳಗಾಯಿತು. ಬಸಳೆ ಚಪ್ಪರ, ಹರಿವೆಯ ಕೆಂಪು, ಸೌತೆಯ ಹೂವು, ಜನರ ಬಿಟ್ಟ ಬಾಯಿ, ಒಂದೊಂದೂ ಕಾಣಿಸಿತು.

ಅಷ್ಟರಲ್ಲಿ ಹೊಳೆಯಿಂದ ಗಾಳಿ ಬಂತು. ಬದನೆ ಎಲೆಗಳು ಮಗುಚಿದವು, ಪರದೆ ಉಬ್ಬಿತು. ಊರೇ ದೀಪದ ಕಡೆ ನೋಡಿತು. ದೀಪ ಗುಂಯ್ ಎನ್ನುತ್ತಾ ಒಂದಿಷ್ಟೂ ಕೆಂಪಾಗದೆ ಉರಿಯಿತು. ನಾಟಕ ಶುರುವಾಗುವ ಮೊದಲೇ ಜನ ಚಪ್ಪಾಳೆ ತಟ್ಟಿದರು.

ಪರದೆಯ ಹಿಂದೆ ರಾಜನ ವೇಷದಲ್ಲಿ ರತ್ನಾಕರ ನಿಂತಿದ್ದ. ಕುಸುಮಾವತಿ ಅವನ ಕಿರೀಟದ ದಾರ ಬಿಗಿಯುತ್ತಿದ್ದಳು.

"ಚೂರ್ ಸಡ್ಲ ಮಾಡ್," ಎಂದ ಅವನು ಪಿಸುಮಾತಿನಲ್ಲಿ.

"ಎಂತಕ್ಕೆ ಪಿಸಿಪಿಸಿ? ಇನ್ನೂ ಸಿಟ್ಟಾ ನಿಂಗೆ? ದೋಣಿಯಂಗೂ ಮಾತೇ ಆಡ್ಲಿಲ್ಲ."

"ಸಿಟ್ಟಾ?" ರತ್ನಾಕರ ಕಂಬದ ದೀಪದ ಕಡೆ ನೋಡಿ ಇನ್ನೂ ಮೆತ್ತಗೆ ಹೇಳಿದ, "ಬಾಯ್ ಬಿಟ್ರೆ ಆ ಬೂದಿ ಉದ್ರತ್ತ್ ಅಂದೇಳಿ ಹೆದ್ರಿಕೆ ಮಾರಾಯ್ತಿ. ಉಸ್ರನ್ನೂ ಸಣ್ಣಕೇ ಬಿಟ್ಟದ್ ನಾನ್."

ಕುಸುಮಾವತಿಗೆ ನಗು ಬಂತು. ರಾಜನ ಪೀತಾಂಬರದ ಕೆಳಗೆ ಮೊಣಕಾಲಿನವರೆಗೆ ಹೊಳೆಯ ಕೆಸರು ಒಣಗಿ ನಿಂತಿತ್ತು. ಅದನ್ನು ನೋಡಿದಾಗ ನಗು ಅಲ್ಲೇ ನಿಂತಿತು. ಅಷ್ಟು ದೂರ ಆ ದೀಪವನ್ನು ತಾನೊಬ್ಬಳೇ ಹಿಡಿದುಕೊಂಡು ಬಂದೆ ಎಂದುಕೊಂಡಿದ್ದಳಲ್ಲ!

"ಇನ್ನ್ ಕೂಗ್," ಎಂದಳು. "ಎಷ್ಟ್ ಬೇಕಾರೂ ಕೂಗ್. ಅದ್ ಆರ್ತಿಲ್ಲ."

ಪರದೆ ಸರಿಯಿತು. ರಾಜ ಬೆಳಕಿನ ನಡುವೆ ಹೋಗಿ ನಿಂತ. ಅವನು ಹೇಳಬೇಕಿದ್ದ ಮೊದಲ ಮಾತು ಮಳೆ ಬೆಳೆಯ ಬಗ್ಗೆ. ವಾರಗಟ್ಟಲೆ ಬಾಯಿಪಾಠ ಮಾಡಿದ್ದ. ರಾಜ ಉಸಿರು ಎಳೆದುಕೊಂಡ. ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಗರ್ಜಿಸಿದ:

"ಯಾರಲ್ಲಿ? ನಮ್ಮ ತೋಟದ ಮಂತ್ರಿಯನ್ನು ಕರೆಯಿರಿ!"

ಆ ಮಾತು ನಾಟಕದಲ್ಲಿ ಇರಲಿಲ್ಲ.